ಎಂಟುನೂರರ ಆಟ, ಇಪ್ಪತ್ತೈದು ಸಾವಿರದ ಮೌಸ್

ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ರೊಕ್ಕ ತಿಂಗಳಿಗೊಮ್ಮೆ ಬರುವುದಿಲ್ಲ, ಮಣೂಕ, ಅಂದರೆ ಒಣದ್ರಾಕ್ಷಿ, ಮಾರಿದಾಗ ಬರುತ್ತದೆ. ಮಮದಾಪುರದ ನನ್ನ ಅಕ್ಕನ ಮನೆಯಲ್ಲೂ ಹಾಗೆಯೇ. ತಾಸಗಾಂವ ಪೇಟೆಯಿಂದ ಮಾರಾಟದ ಪಟ್ಟಿ ಬಂದ ಮೇಲೆ ಔಷಧದ ಅಂಗಡಿಯ ಉದ್ರಿ ತೀರಬೇಕು, ಸೊಸೈಟಿ ಸಾಲ ಕಟ್ಟಬೇಕು. ವರ್ಷವಿಡೀ ತಡೆದಿಟ್ಟ ಬೇಡಿಕೆಗಳ ಸರದಿ ಆಮೇಲೆ. ಈ ಸಲ ಅಳಿಯ ಕೇಳಿದ್ದು ಹನ್ನೆರಡು ಸಾವಿರ ರೂಪಾಯಿಯ ಗೇಮಿಂಗ್ ಮೌಸ್. "ಮುಷ್ಟಿಯೊಳಗ ಹಿಡಿಯು ಸಾಮಾನಿಗೆ ಹನ್ನೆರಡ ಸಾವಿರ ಅಂತಾನ. ನೀನರ ನೋಡಿ ಹೇಳೋ ತಮ್ಮಾ" ಎಂದು ಅಕ್ಕ ಫೋನ್ ಮಾಡಿದಳು.

ಹುಡುಗನ ಬೇಡಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವನು ವಿಜಯಪುರದ ಕಾಲೇಜು ಗೆಳೆಯರೊಂದಿಗೆ ಕೌಂಟರ್ ಸ್ಟ್ರೈಕ್, ವ್ಯಾಲೊರೆಂಟ್ ಆಡುತ್ತಾನೆ. ಮದುವೆ ಹಂಗಾಮಿನಲ್ಲಿ ವಿಡಿಯೊ ಎಡಿಟಿಂಗ್ ಮಾಡಿ ನಾಲ್ಕು ಕಾಸು ಗಳಿಸುವುದೂ ಅದೇ ಕಂಪ್ಯೂಟರಿನಲ್ಲಿ. ಲೆಕ್ಕಪತ್ರ ಬರೆಯುವ ನನ್ನ ಕೈಯಲ್ಲೂ ದಿನವಿಡೀ ಮೌಸ್ ಇರುತ್ತದೆ. ಒಳ್ಳೆಯ ಮೌಸಿಗೂ ಕೆಟ್ಟದ್ದಕ್ಕೂ ಇರುವ ಅಂತರ ಸಂಜೆ ಹೊತ್ತಿಗೆ ಮಣಿಕಟ್ಟಿಗೆ ಗೊತ್ತಾಗುತ್ತದೆ. ಹೀಗಾಗಿ ನಾನು ಕೇಳಿಕೊಂಡ ಪ್ರಶ್ನೆ ಇಷ್ಟೇ: ಈ ಹನ್ನೆರಡು ಸಾವಿರದಲ್ಲಿ ಅವನ ಕೈಗೆ ತಲುಪುವುದು ಎಷ್ಟು?

ಅವನು ಕೇಳಿದ ಮೌಸಿನ ಡಬ್ಬಿಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚಾಗಿದ್ದದ್ದು 25,600 ಡಿಪಿಐ. ಮೌಸ್ ಒಂದು ಇಂಚು ಸರಿದರೆ ಅದರ ಸೆನ್ಸರ್ ಎಷ್ಟು ಎಣಿಕೆ ಕಳಿಸುತ್ತದೆ ಎಂಬ ಲೆಕ್ಕ ಅದು.

"ನೀ ಎಷ್ಟರ ಮ್ಯಾಲೆ ಇಟ್ಟು ಆಡ್ತಿ?" ಎಂದು ಕೇಳಿದೆ.

"ಎಂಟನೂರು, ಮಾಮಾ. ದೊಡ್ಡ ದೊಡ್ಡ ಆಟಗಾರರೂ ನಾನೂರು, ಎಂಟನೂರರ ಮ್ಯಾಲೇ ಆಡ್ತಾರ."

ಅವನ ಮಾತು ನಿಜ. ಒಂದು ಎಣಿಕೆಗೆ ಒಂದು ಪಿಕ್ಸೆಲ್ ಎಂದು ಹಿಡಿದರೆ, 1,920 ಪಿಕ್ಸೆಲ್ ಅಗಲದ ಪರದೆಯನ್ನು ದಾಟಲು 800 ಡಿಪಿಐನಲ್ಲಿ ಮೌಸ್ ಸುಮಾರು 6 ಸೆಂಟಿಮೀಟರ್ ಸರಿಯಬೇಕು. 25,600ರಲ್ಲಿ 2 ಮಿಲಿಮೀಟರ್ ಕೂಡ ಬೇಕಿಲ್ಲ. ಯಾವ ಮನುಷ್ಯನ ಕೈಯೂ ಅಷ್ಟರಲ್ಲಿ ಗುರಿ ಹಿಡಿಯಲಾರದು. ಸೆನ್ಸರ್ ಒಳ್ಳೆಯದಿರಬೇಕು ಎನ್ನುವುದು ಬೇರೆ ಮಾತು. ಆದರೆ ಸಾವಿರದೈನೂರರ ಆಸುಪಾಸಿನ ಮೌಸುಗಳಲ್ಲೂ ಈಗ ಈ ಆಟಕ್ಕೆ ಸಾಲುವಷ್ಟು ನಿಖರವಾದ ಸೆನ್ಸರ್ ಸಿಗುತ್ತದೆ.

ಎರಡನೆಯ ದೊಡ್ಡ ಅಂಕಿ ಪೋಲಿಂಗ್ ರೇಟಿನದು, ಅಂದರೆ ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಕಳಿಸುತ್ತದೆ ಎಂಬುದು. ಕಚೇರಿಗಳ ಸಾದಾ ಮೌಸ್ ಸಾಮಾನ್ಯವಾಗಿ 125 ಸಲ ಕಳಿಸುತ್ತದೆ, ಎಂಟು ಮಿಲಿಸೆಕೆಂಡಿಗೊಮ್ಮೆ. ಅಗ್ಗದ ಗೇಮಿಂಗ್ ಮೌಸ್ ಕೂಡ 1,000 ಸಲ, ಅಂದರೆ ಮಿಲಿಸೆಕೆಂಡಿಗೊಮ್ಮೆ. ಈ ಜಿಗಿತಕ್ಕೆ ರೊಕ್ಕ ಕೊಡಬಹುದು. ಅಲ್ಲಿಂದ 8,000ಕ್ಕೆ ಏರಿದರೆ ಉಳಿಯುವುದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಈಗ ಅಕ್ಕನ ಮನೆಯ ಪರಿಸ್ಥಿತಿ ನೋಡಿ. ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಮಮದಾಪುರದ ದೊಡ್ಡ ಕೆರೆಯಾಚೆ ಅವರ ತೋಟದ ಮನೆ. ಅಲ್ಲಿಗೆ ಫೈಬರ್ ಬಂದಿಲ್ಲ, ಆಟವೆಲ್ಲ ಮೊಬೈಲ್ ಹಾಟ್‌ಸ್ಪಾಟ್ ಮೇಲೆ. ಸಂಜೆ ಮುಂಬಯಿ ಸರ್ವರಿಗೆ ಪಿಂಗ್ ಎಪ್ಪತ್ತು, ಎಂಬತ್ತು ಮಿಲಿಸೆಕೆಂಡ್ ತೋರಿಸುತ್ತದೆ. ಅವನ ಹಳೆಯ ಮಾನಿಟರ್ 60 ಹರ್ಟ್ಜ್‌ನದು, ಹೊಸ ಚಿತ್ರ ಮೂಡಿಸಲು ಪ್ರತಿ ಸಲ 16.7 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಇಷ್ಟು ಹೊತ್ತು ಹೀಗೆ ಸೋರಿಹೋಗುವ ಕಡೆ ಒಂದು ಮಿಲಿಸೆಕೆಂಡ್ ಉಳಿಸಲು ಸಾವಿರಾರು ರೂಪಾಯಿ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಕೈಗೆ ನಿಜವಾಗಿ ತಾಗುವುದು ತೂಕ ಮತ್ತು ಆಕಾರ. ಕಡಿಮೆ ಡಿಪಿಐನಲ್ಲಿ ಆಡುವವರು ಮೌಸನ್ನು ಪ್ಯಾಡಿನ ಉದ್ದಕ್ಕೂ ಬೀಸಿ, ಎತ್ತಿ, ಮತ್ತೆ ಇಡುತ್ತಿರುತ್ತಾರೆ. 2020ರಲ್ಲಿ ಲಾಜಿಟೆಕ್‌ನ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 63 ಗ್ರಾಮಿಗೂ ಕಡಿಮೆ ತೂಗಿ ಬಂದಾಗ ವೃತ್ತಿಪರ ಆಟಗಾರರು ಅದರ ಕಡೆ ವಾಲಿದ್ದು ಇದೇ ಕಾರಣಕ್ಕೆ. ನಮ್ಮ ಹುಡುಗನ ಹಳೆಯ ಮೌಸ್ ನೂರು ಗ್ರಾಮಿನ ಹತ್ತಿರವಿತ್ತು. ಇನ್ನು ಆಕಾರ. ಬೇಸಿಗೆಯಲ್ಲಿ ದ್ರಾಕ್ಷಿ ಗೊನೆ ಕತ್ತರಿಸುವ ಅವನ ಕೈ ದೊಡ್ಡದು, ಚಿಕ್ಕ ಮೌಸಿನ ಮೇಲೆ ಬೆರಳು ಮಡಚಿ ಕೂರಬೇಕಾಗುತ್ತದೆ. ಇದು ಡಬ್ಬಿ ಓದಿದರೆ ತಿಳಿಯುವಂಥದ್ದಲ್ಲ. ಅದಕ್ಕೇ ಅವನನ್ನು ವಿಜಯಪುರಕ್ಕೆ ಕರೆಸಿ, ಗಾಂಧಿ ಚೌಕದ ಹತ್ತಿರದ ಅಂಗಡಿಗೆ ಹೋದೆವು.

ಅಂಗಡಿಯವರು ಸಮಾಧಾನದಿಂದ ಮೂರು ಮೌಸ್ ಬಿಚ್ಚಿ ಕೊಟ್ಟರು. ಪೇಂಟ್ ತೆರೆದು ನಿಧಾನವಾಗಿ ಓರೆಗೆರೆ ಎಳೆದು ನೋಡಿದೆವು. ಗೆರೆ ನಡುಗಿದರೆ ಸೆನ್ಸರ್ ಸರಿಯಿಲ್ಲ. ಬರಿಗೈಯಲ್ಲಿ ಎಳೆದ ಗೆರೆ ಪಟ್ಟಿ ಹಿಡಿದಂತೆ ನೆಟ್ಟಗೆ ಬಂದರೆ ಮೌಸ್ ತಾನೇ ತಿದ್ದುತ್ತಿದೆ ಎಂದರ್ಥ, ಗುರಿಯಿಡುವ ಆಟಕ್ಕೆ ಅದು ಬೇಡ. ಆಮೇಲೆ ಒಂದು ಹಳೆಯ ಸಿಡಿ. ಅದರ ದಪ್ಪ 1.2 ಮಿಲಿಮೀಟರ್. ಸೆನ್ಸರ್ ನಡುವಿನ ತೂತಿನ ಮೇಲೆ ಬರುವಂತೆ ಮೌಸನ್ನು ಅದರ ಮೇಲಿಟ್ಟು ಸಿಡಿ ಸಮೇತ ಸರಿಸಿದಾಗ ಬಾಣದ ಗುರುತು ಅಲುಗಾಡಲಿಲ್ಲ ಎಂದರೆ, ಆಟದ ನಡುವೆ ಮೌಸ್ ಎತ್ತಿದಾಗ ಗುರಿ ಜಾರುವುದು ಕಡಿಮೆ.

ಗುಂಡಿಗಳ ಕೆಳಗಿನ ಸ್ವಿಚ್ಚಿನ ಬಗ್ಗೆ ನನಗೆ ವಿಶೇಷ ಕಾಳಜಿ. ಒಳಗಿನ ತೆಳುವಾದ ಲೋಹದ ಪಟ್ಟಿ ಸವೆದರೆ ಒಂದು ಕ್ಲಿಕ್ ಎರಡಾಗಿ ಬೀಳುತ್ತದೆ. ನನ್ನ ಕಚೇರಿಯ ಒಂದು ಮೌಸಿಗೆ ಹಾಗಾಗಿ, ತೆರೆಯಲು ಹೋದ ವೋಚರ್ ತೆರೆದು ಮುಚ್ಚುತ್ತಿತ್ತು. ವಾರಂಟಿ ಮುಗಿದಿತ್ತು. ಮೊಬೈಲ್ ರಿಪೇರಿಯವನು ನೂರು ರೂಪಾಯಿಯೊಳಗಿನ ಸ್ವಿಚ್ ಬೆಸುಗೆ ಹಾಕಿ ಕೊಟ್ಟ, ಇಂದಿಗೂ ನಡೆಯುತ್ತಿದೆ. ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಸ್ವಿಚ್ಚಿಗೆ ಈ ರೋಗವಿಲ್ಲ. ಅದಕ್ಕೆ ಐದುನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬಡ್ಡಿರಹಿತ ಕಂತಿನ ಆಸೆ ತೋರಿಸುವ ಜಾಹೀರಾತು ಹುಡುಗನ ಫೋನಿನಲ್ಲಿತ್ತು. ಕ್ರೆಡಿಟ್ ಕಾರ್ಡಿನ ಇಂಥ ಕಂತುಗಳಲ್ಲಿ ಬಡ್ಡಿಯಷ್ಟು ರಿಯಾಯಿತಿ ಸಿಕ್ಕರೂ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಮೇಲೆ ಪ್ರೊಸೆಸಿಂಗ್ ಶುಲ್ಕ ಬೀಳುವುದುಂಟು. ವರ್ಷಕ್ಕೊಮ್ಮೆ ಆದಾಯವಿರುವ ಮನೆಗೆ ತಿಂಗಳ ಕಂತು ಹೇಗೂ ಹೊಂದುವುದಿಲ್ಲ.

ಭಾವನವರ ಚಿಂತೆ ಬೇರೆ. "ರೊಕ್ಕ ಹಚ್ಚಿ ಆಡೂ ಆಟ ಅಲ್ಲಲಾ?" ಎಂದು ಕೇಳಿದರು. ಕೇಳಬೇಕಾದದ್ದೇ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗಳನ್ನು ಬೇರೆಯಾಗಿಟ್ಟು ಮಾನ್ಯ ಮಾಡಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗೆ ಪದಕಗಳೂ ಇದ್ದವು. ನಮ್ಮ ಹುಡುಗನ ಆಟ ಈ ಎರಡನೆಯ ಸಾಲಿನದು ಎಂದು ಭಾವನಿಗೆ ವಿವರಿಸಿದೆ. ಬಹುಮಾನದ ರೊಕ್ಕದಿಂದ ಮೌಸಿನ ಬೆಲೆ ತೀರುತ್ತದೆ ಎಂಬ ಲೆಕ್ಕ ಮಾತ್ರ ಹಾಕಬೇಡ ಎಂದು ಹುಡುಗನಿಗೂ ಹೇಳಿದೆ. ಇದು ಹವ್ಯಾಸದ ಖರ್ಚು, ಹವ್ಯಾಸಕ್ಕೆ ಖರ್ಚು ಮಾಡುವುದರಲ್ಲಿ ತಪ್ಪೇನೂ ಇಲ್ಲ.

ಕೊನೆಗೆ ಕೊಂಡದ್ದು 60 ಗ್ರಾಮಿನ ಆಸುಪಾಸಿನ, ತಂತಿಯಿರುವ, ಅವನ ಅಂಗೈ ತುಂಬುವ ಮೌಸ್. 2,700 ರೂಪಾಯಿ. ಕರಿಮಣ್ಣಿನ ಧೂಳಿಗಾಗಿ ಒಗೆಯಲು ಬರುವ ದೊಡ್ಡ ಬಟ್ಟೆಯ ಪ್ಯಾಡ್ ಒಂದು. ಉಳಿದ ರೊಕ್ಕಕ್ಕೆ ಅವನು ವಿಡಿಯೊ ಎಡಿಟಿಂಗಿನಲ್ಲಿ ಗಳಿಸಿದ್ದನ್ನು ಸೇರಿಸಿ 144 ಹರ್ಟ್ಜ್ ಮಾನಿಟರ್ ತಂದೆವು. ಅಷ್ಟು ಫ್ರೇಮ್ ಕೊಡುವ ಶಕ್ತಿ ಅವನ ಗ್ರಾಫಿಕ್ಸ್ ಕಾರ್ಡಿಗೆ ಇದೆಯೇ ಎಂದು ಮೊದಲೇ ನೋಡಿಕೊಂಡಿದ್ದೆವು. ಪರದೆಯ ಕಾಯುವಿಕೆ 16.7ರಿಂದ 6.9 ಮಿಲಿಸೆಕೆಂಡಿಗೆ ಇಳಿಯಿತು. ಮೌಸಿನ ಸೀರಿಯಲ್ ನಂಬರನ್ನು ಬಿಲ್ಲಿನ ಮೇಲೆಯೇ ಬರೆಸಿ, ಅದರ ಫೋಟೊ ತೆಗೆದು ಅಕ್ಕನ ಫೋನಿಗೂ ಕಳಿಸಿದ್ದೇನೆ. ವಾರಂಟಿ ಎರಡು ವರ್ಷ, ಅಲ್ಲಿಯವರೆಗೆ ತಳದ ಸ್ಟಿಕರ್ ಕಿತ್ತು ಬಿಚ್ಚುವಂತಿಲ್ಲ.