ಸಮಾಜಸೇವೆಗೆ ಎಐ: ಯಾವ ಕೆಲಸ ಕೊಡಬೇಕು, ಯಾವುದನ್ನು ಕೊಡಬಾರದು



ಸಮಾಜಸೇವೆ ಎಂದ ಕೂಡಲೇ ಪಠ್ಯಪುಸ್ತಕ ಓದಿದವರಿಗೆ ಬೆಂಗಳೂರಿನ ದೊಡ್ಡ ಸಂಸ್ಥೆಗಳು ನೆನಪಾಗುತ್ತವೆ. ನಮ್ಮ ಶೀಳನೆರೆ ಹೋಬಳಿಯಲ್ಲಿ ಅದರ ರೂಪವೇ ಬೇರೆ. ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕ ಬರೆಯುವ ಅಕ್ಕ, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ, ರಂಜಾನ್‌ ತಿಂಗಳಲ್ಲಿ ಜಕಾತ್‌ ಪಟ್ಟಿ ತಯಾರಿಸುವ ಜಮಾತ್‌ ಕಮಿಟಿಯ ಕಾರ್ಯದರ್ಶಿ, ಇವರೇ ಇಲ್ಲಿನ ಸಮಾಜಸೇವಕರು. ಇವರ ಜೊತೆಗೆ ಇನ್ನೊಬ್ಬರಿದ್ದಾರೆ: ಓದು ಬಲ್ಲ ಮಗ ಅಥವಾ ಮಗಳು. ಪಕ್ಕದ ಮನೆಯ ಅಜ್ಜಿಗೆ ಪಿಂಚಣಿ ನಿಂತರೆ "ಕಾಲೇಜಿಗೋಗೋ ಹುಡ್ಗಿ ಅವ್ಳಲ್ಲ, ಕೇಳನ ತಡಿ" ಎಂದು ಬರುವುದು ನಿಮ್ಮ ಬಾಗಿಲಿಗೇ. ಈ ಪಾಠ ಬರೆಯುತ್ತಿರುವುದು ಆ ಹುಡುಗಿಗಾಗಿ.

ನಾನು ಸಮಾಜಶಾಸ್ತ್ರ ಹೇಳಿಕೊಡುವವನು, ಕಂಪ್ಯೂಟರ್‌ ಮೇಷ್ಟ್ರಲ್ಲ. ಎನ್‌ಎಸ್‌ಎಸ್‌ ಕೆಲಸದಲ್ಲಿ ನಿಮ್ಮೊಡನೆ ಹಳ್ಳಿಗಳಿಗೆ ಹೋಗುವಾಗ ಈ ಸಾಧನಗಳನ್ನು ಮೊಬೈಲಿನಲ್ಲಿ ಬಳಸಿ ನೋಡಿದ್ದೇನೆ. ಕೆಲವು ನಿಜಕ್ಕೂ ಶ್ರಮ ಉಳಿಸುತ್ತವೆ. ಕೆಲವು ಕಡೆ ಅವು ಮಾಡುವ ಹಾನಿ ಬಡವರ ತಟ್ಟೆಗೇ ತಟ್ಟುತ್ತದೆ. ಎರಡನ್ನೂ ಹೇಳುತ್ತೇನೆ.

ಮೊದಲು ಸುಲಭದ್ದು. ಫೋನಿನ ಕೀಲಿಮಣೆಯಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರವಾಗುತ್ತದೆ. ಗೂಗಲ್‌ ಈ ಸೌಲಭ್ಯವನ್ನು ಕನ್ನಡಕ್ಕೆ ಕೊಟ್ಟದ್ದು 2017ರಲ್ಲಿ. ಸಂಘದ ಸಭೆಯ ನಡಾವಳಿ ಬರೆಯಲು ಇದು ಸಾಕು. ಆದರೆ "ದುಡ್ಡು ಬಂದದೆ", "ಅವ್ರು ಒಂಟೋದ್ರು" ಎಂಬ ನಮ್ಮ ಮಂಡ್ಯದ ಮಾತಿಗೆ ಅದು ತಡವರಿಸುತ್ತದೆ. ಮನೆಯಲ್ಲಾಡುವ ದಖ್ಖನಿಯಂತೂ ಅದಕ್ಕೆ ಉರ್ದುವೂ ಅಲ್ಲ, ಕನ್ನಡವೂ ಅಲ್ಲ. ಆದ್ದರಿಂದ ಅಜ್ಜಿಯ ಬಾಯಿಗೆ ಫೋನ್‌ ಹಿಡಿಯಬೇಡಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ನೀವು ಪುಸ್ತಕದ ಕನ್ನಡದಲ್ಲಿ ಫೋನಿಗೆ ಹೇಳಿ.

ಗೂಗಲ್‌ ಲೆನ್ಸ್‌ ಅಚ್ಚಾದ ಕನ್ನಡವನ್ನು ಚೆನ್ನಾಗಿ ಓದುತ್ತದೆ, ಕೈಬರಹದಲ್ಲಿ ಎಡವುತ್ತದೆ. ಅನುವಾದಕ್ಕೆ ಗೂಗಲ್‌ ಅನುವಾದವೂ ಇದೆ, ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿಯೂ ಇದೆ. ಉರ್ದು, ಕನ್ನಡ ಎರಡೂ ಅದರಲ್ಲಿವೆ. ಇಂಗ್ಲಿಷಿನಲ್ಲಿ ಬಂದ ಬ್ಯಾಂಕ್‌ ನೋಟಿಸಿನ ತಾತ್ಪರ್ಯ ತಿಳಿಯಲು ಇಷ್ಟು ಸಾಕು.

ಇಲ್ಲೊಂದು ತೊಡಕು ನಿಮಗೆ ಬಂದೇ ಬರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್‌ ಮಾಡಿದ ಕಡತವನ್ನು ಕಾಪಿ ಮಾಡಿ ಚಾಟ್‌ಜಿಪಿಟಿಗೆ ಅಥವಾ ಜೆಮಿನಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್‌ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಯಂತ್ರ ಕೆಟ್ಟಿಲ್ಲ. ಹಳೆಯ ನುಡಿ ಇಂಗ್ಲಿಷ್‌ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿತ್ತು, ಅಷ್ಟೆ. ನುಡಿ ತಂತ್ರಾಂಶದಲ್ಲೇ ಇರುವ ಪರಿವರ್ತಕದಿಂದ ಅದನ್ನು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಹಾಕಿ. ಸಂಘದ ಹಳೆಯ ಕಡತಗಳನ್ನು ಒಮ್ಮೆ ಹೀಗೆ ಬದಲಾಯಿಸಿಟ್ಟರೆ ಅದೇ ಒಂದು ದೊಡ್ಡ ಸೇವೆ.

ಈಗ ಅರ್ಜಿ. ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಒಬ್ಬ ತಾಯಿಗೆ ಬರುತ್ತಿದ್ದ ವಿಧವಾ ವೇತನ ನಿಂತಿದೆ. ನಾಡಕಚೇರಿಗೆ ಹೋದರೆ ಕೆ.ಆರ್‌.ಪೇಟೆಗೆ ಹೋಗಿ ಎನ್ನುತ್ತಾರೆ, ಅಲ್ಲಿ ಬ್ಯಾಂಕಿನಲ್ಲಿ ಕೇಳಿ ಎನ್ನುತ್ತಾರೆ. ಇಂಥ ಕಡೆ 2005ರ ಮಾಹಿತಿ ಹಕ್ಕು ಕಾಯ್ದೆ ಕೆಲಸಕ್ಕೆ ಬರುತ್ತದೆ. ಶುಲ್ಕ 10 ರೂಪಾಯಿ. ಬಿಪಿಎಲ್‌ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು.

"ವಿಧವಾ ವೇತನ ನಿಂತಿದೆ, ಮಾಹಿತಿ ಹಕ್ಕು ಅರ್ಜಿ ಬರೆದುಕೊಡು" ಎಂದು ಎಐಗೆ ಹೇಳಿ ನೋಡಿ. ಎರಡು ಪುಟದ ಸುಂದರ ಕನ್ನಡ ಬರುತ್ತದೆ. ತಾಯಿಯ ಕಷ್ಟ, ಸಂವಿಧಾನದ ಆಶಯ, ಮಾನವೀಯತೆ ಎಲ್ಲ ಇರುತ್ತದೆ. ಒಮ್ಮೊಮ್ಮೆ ಯಾವುದೋ ಸರ್ಕಾರಿ ಆದೇಶದ ಸಂಖ್ಯೆಯೂ ಇರುತ್ತದೆ. ಹುಡುಕಿದರೆ ಅಂಥ ಆದೇಶವೇ ಇರುವುದಿಲ್ಲ. ಇದು ಆ ಯಂತ್ರದ ಸ್ವಭಾವ. ಒಂದು ಪದದ ಮುಂದೆ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಎಂಬ ಲೆಕ್ಕದ ಮೇಲೆ ಅದು ಬರೆಯುತ್ತದೆ. ಅರ್ಜಿಗಳಲ್ಲಿ ಆದೇಶ ಸಂಖ್ಯೆ ಇರುವುದು ವಾಡಿಕೆ, ಅದಕ್ಕೇ ಒಂದು ಸಂಖ್ಯೆಯನ್ನು ತಂದು ಕೂರಿಸುತ್ತದೆ.

ಇನ್ನೊಂದು ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಕರ್ನಾಟಕದ ಮಾಹಿತಿ ಹಕ್ಕು ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಎರಡು ಪುಟದ ಅರ್ಜಿಯನ್ನು ಇದೇ ಕಾರಣ ಹೇಳಿ ತಿರಸ್ಕರಿಸಬಹುದು. ಅಲ್ಲದೆ ಈ ಕಾಯ್ದೆಯಡಿ ಕೇಳಬೇಕಾದ್ದು ದಾಖಲೆಯನ್ನು. "ಯಾಕೆ ನಿಲ್ಲಿಸಿದಿರಿ" ಎಂಬ ಪ್ರಶ್ನೆಗೆ ಉತ್ತರ ಬರದೇ ಇರಬಹುದು, "ನಿಲ್ಲಿಸಿದ ಆದೇಶದ ಪ್ರತಿ ಕೊಡಿ" ಎಂದರೆ ಕೊಡಲೇಬೇಕು. ಹಾಗಾಗಿ ಎಐಗೆ ಹೀಗೆ ಹೇಳಿ:

"ಕರ್ನಾಟಕದ ಮಾಹಿತಿ ಹಕ್ಕು ಅರ್ಜಿ ಬರೆ. ವಿಷಯ ಒಂದೇ: ವಿಧವಾ ವೇತನ ಪಾವತಿ ನಿಂತಿರುವುದು. ಮೂರು ದಾಖಲೆ ಕೇಳು: ಕೊನೆಯ ಪಾವತಿಯ ದಿನಾಂಕ ಮತ್ತು ಬ್ಯಾಂಕ್‌ ಖಾತೆಯ ವಿವರ, ಪಾವತಿ ನಿಲ್ಲಿಸಿದ ಆದೇಶದ ಪ್ರತಿ, ನಿಲ್ಲಿಸುವ ಮೊದಲು ಫಲಾನುಭವಿಗೆ ನೋಟಿಸ್‌ ಕೊಟ್ಟಿದ್ದರೆ ಅದರ ಪ್ರತಿ. 120 ಪದ ಮೀರಬಾರದು. ಯಾವ ಆದೇಶದ ಸಂಖ್ಯೆಯನ್ನೂ ನೀನಾಗಿ ಸೇರಿಸಬೇಡ. ಹೆಸರು, ಪಿಂಚಣಿ ಸಂಖ್ಯೆ, ವಿಳಾಸದ ಜಾಗ ಖಾಲಿ ಬಿಡು."

ಹೀಗೆ ಕೇಳಿದರೆ ಬರುವ ಕರಡು ಬಳಸುವಂತಿರುತ್ತದೆ. ಪದಗಳನ್ನು ನೀವೇ ಎಣಿಸಿ. ಎಣಿಕೆಯಲ್ಲಿ ಈ ಯಂತ್ರಗಳು ಆಗಾಗ ತಪ್ಪುತ್ತವೆ, ಅದಕ್ಕೇ 150ರ ಬದಲು 120 ಎಂದು ಹೇಳಿದ್ದು. ಖಾಲಿ ಜಾಗಗಳನ್ನು ಪೆನ್ನಿನಲ್ಲಿ, ಆ ತಾಯಿಯ ಮುಂದೆ ಕುಳಿತು, ಅವರ ಕಾಗದ ನೋಡಿಕೊಂಡು ತುಂಬಿ.

ಹೆಸರಿನ ಜಾಗ ಖಾಲಿ ಬಿಡಿಸುವುದೇಕೆ? ಅದಕ್ಕೆ ಹೈದರಾಬಾದಿನ ಒಂದು ಸಂಗತಿ ಹೇಳಬೇಕು.

ತೆಲಂಗಾಣ ಸರ್ಕಾರ "ಸಮಗ್ರ ವೇದಿಕ" ಎಂಬ ವ್ಯವಸ್ಥೆ ಮಾಡಿಕೊಂಡಿತ್ತು. ಬೇರೆ ಬೇರೆ ಇಲಾಖೆಯ ಕಡತಗಳಲ್ಲಿರುವ ಹೆಸರು, ವಿಳಾಸಗಳನ್ನು ಯಂತ್ರವೇ ಜೋಡಿಸಿ, ಈ ಪಡಿತರ ಚೀಟಿಯವರಿಗೆ ಕಾರಿದೆಯೇ, ಆಸ್ತಿ ಇದೆಯೇ ಎಂದು ಹುಡುಕುತ್ತಿತ್ತು. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ ರದ್ದಾದ ಪಡಿತರ ಚೀಟಿಗಳು 18 ಲಕ್ಷಕ್ಕೂ ಹೆಚ್ಚು. ರದ್ದು ಮಾಡುವ ಮುಂಚೆ ನೋಟಿಸ್‌ ಕೊಟ್ಟಿರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಿ ಎಂದು ಆದೇಶಿಸಿತು. ಆ ವರ್ಷದ ಜುಲೈವರೆಗೆ ಪರಿಶೀಲನೆಯಾದ 2 ಲಕ್ಷ ಚಿಲ್ಲರೆ ಅರ್ಜಿಗಳಲ್ಲಿ 15 ಸಾವಿರಕ್ಕೂ ಹೆಚ್ಚು ಮಂದಿ ಅರ್ಹರೆಂದು ತಿಳಿಯಿತು. ಅಷ್ಟು ಮನೆಗಳ ಅಕ್ಕಿ ವರ್ಷಗಟ್ಟಲೆ ನಿಂತಿತ್ತು.

2024ರ ಜನವರಿಯಲ್ಲಿ ಅಲ್‌ ಜಜೀರಾ ಪ್ರಕಟಿಸಿದ ವರದಿಯಲ್ಲಿ ಒಬ್ಬ ವಿಧವೆಯ ಕಥೆ ಇತ್ತು. ಪತಿ ರಿಕ್ಷಾ ತುಳಿಯುತ್ತಿದ್ದವರು, ಕ್ಯಾನ್ಸರ್‌ ಬಂದು ತೀರಿಕೊಂಡರು. ದಾಖಲೆಯ ಪ್ರಕಾರ ಆತನಿಗೆ ಕಾರಿತ್ತು! ಕಾರಿನ ನಿಜವಾದ ಮಾಲೀಕ ಬೇರೊಬ್ಬ. ಹೆಸರಿನ ಮೊದಲ ಪದವೂ ಕೊನೆಯ ಪದವೂ ಒಂದೇ, ನಡುವೆ ಒಂದು ಪದ ಮಾತ್ರ ಹೆಚ್ಚು. ಯಂತ್ರ ಇಬ್ಬರನ್ನೂ ಒಬ್ಬನೆಂದು ಎಣಿಸಿತು. ಕಾರಿಲ್ಲ ಎಂದು ಸಾಬೀತು ಮಾಡುವ ಹೊರೆ ಮಾತ್ರ ಆ ಹೆಂಗಸಿನ ತಲೆಗೆ ಬಿತ್ತು.

ನಮ್ಮ ಹೆಸರುಗಳನ್ನು ಒಮ್ಮೆ ಯೋಚಿಸಿ. ಸೈಯದ್‌, ಸಯ್ಯದ್‌, ಸೈಯ್ಯದ್‌. ಫಾತಿಮಾ, ಫಾತಿಮ, ಪಾತಿಮ. ಇಂಗ್ಲಿಷಿನಲ್ಲಿ ಮೊಹಮ್ಮದ್‌ ಎಂಬುದಕ್ಕೆ ಎಷ್ಟು ಕಾಗುಣಿತವಿದೆಯೋ ಲೆಕ್ಕವಿಲ್ಲ, ಎಂ.ಡಿ. ಎಂದು ಎರಡೇ ಅಕ್ಷರದಲ್ಲಿ ಮುಗಿಸುವವರೂ ಇದ್ದಾರೆ. ಇದು ಮುಸ್ಲಿಮರ ಕಷ್ಟ ಮಾತ್ರವಲ್ಲ. ಒಂದು ಕಾರ್ಡಿನಲ್ಲಿ ಕೆಂಪಮ್ಮ, ಇನ್ನೊಂದರಲ್ಲಿ ಕೆಂಪಮ್ಮಣ್ಣಿ, ಮತ್ತೊಂದರಲ್ಲಿ ಗಂಡನ ಹೆಸರು ಸೇರಿಸಿ ಕೆಂಪಮ್ಮ ಕೋಂ ಇಂಥವರು ಎಂದಿರುತ್ತದೆ. ಶಿವಣ್ಣ, ನಂಜೇಗೌಡ ಎಂಬ ಹೆಸರಿನವರು ಒಂದೊಂದು ಊರಿನಲ್ಲೂ ನಾಲ್ಕಾರು ಮಂದಿ. ಊರಿನವರಿಗೆ ಗೊಂದಲವಿಲ್ಲ, ಮೇಲ್ಕೇರಿ ನಂಜೇಗೌಡ ಯಾರು, ಡೈರಿ ನಂಜೇಗೌಡ ಯಾರು ಎಂದು ಗೊತ್ತು. ಕಂಪ್ಯೂಟರಿಗೆ ಒಬ್ಬರೇ ಇಬ್ಬರಾಗಿ, ಇಬ್ಬರು ಒಬ್ಬರಾಗಿ ಕಾಣುತ್ತಾರೆ. ನಮ್ಮಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಬರಬೇಕಾದರೂ ಪಡಿತರ ಚೀಟಿ, ಆಧಾರ್‌, ಬ್ಯಾಂಕ್‌ ಖಾತೆ ಒಂದಕ್ಕೊಂದು ಹೊಂದಬೇಕು. ಅನುವಾದದ ಯಂತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಸರನ್ನೇ ಅರ್ಥ ಮಾಡಿಕೊಂಡು ಬದಲಾಯಿಸಿಬಿಡುವುದುಂಟು. ನೂರ್‌ ಎಂಬ ಹೆಸರು "ಬೆಳಕು" ಎಂದೋ "100" ಎಂದೋ ಆದರೆ ನಗು ಬರುತ್ತದೆ. ಅದೇ ಅರ್ಜಿಯಲ್ಲಾದರೆ ಆ ಮನೆಯವರಿಗೆ ಇನ್ನೂ ನಾಲ್ಕು ಸಲ ತಾಲ್ಲೂಕು ಕಚೇರಿಗೆ ಬಸ್‌ ಚಾರ್ಜು.

ಹಾಗಾದರೆ ಎಐಯನ್ನು ದೂರವಿಡಬೇಕೆ? ನನ್ನ ಅಭಿಪ್ರಾಯ ಹಾಗಲ್ಲ. ತೆಲಂಗಾಣದಲ್ಲಿ ಯಂತ್ರ ಕೊಟ್ಟ ಸುಳಿವನ್ನೇ ತೀರ್ಪೆಂದು ತಿಳಿದರು. ಮುಂಬೈನ ಅರ್ಮಾನ್‌ ಎಂಬ ಸಂಸ್ಥೆ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿದೆ. ಅದು ಬಸುರಿ, ಬಾಣಂತಿಯರಿಗೆ ಫೋನಿನಲ್ಲಿ ಆರೋಗ್ಯದ ಸಂದೇಶ ಕೇಳಿಸುತ್ತದೆ. ಬಹಳ ಮಂದಿ ಕೆಲವು ವಾರ ಕೇಳಿ ಬಿಟ್ಟುಬಿಡುತ್ತಿದ್ದರು. ಎಲ್ಲರಿಗೂ ಕರೆ ಮಾಡಲು ಸಿಬ್ಬಂದಿ ಇರಲಿಲ್ಲ. ಯಾರು ಬಿಟ್ಟುಹೋಗುವ ಸಂಭವ ಹೆಚ್ಚು, ಯಾರಿಗೆ ಒಂದು ಕರೆ ಮಾಡಿದರೆ ಉಪಯೋಗ ಎಂದು ಗೂಗಲ್‌ನ ಸಂಶೋಧಕರ ಜೊತೆ ಸೇರಿ ಎಐಯಿಂದ ಲೆಕ್ಕ ಹಾಕಿಸಿದರು. 23 ಸಾವಿರ ಮಹಿಳೆಯರ ಪ್ರಯೋಗದಲ್ಲಿ ಕೇಳುವುದನ್ನು ಬಿಡುವ ಪ್ರಮಾಣ ಶೇ 30ರಷ್ಟು ತಗ್ಗಿತು. ಇಲ್ಲಿ ಯಂತ್ರ ತಪ್ಪಿದರೂ ಯಾರ ಊಟವೂ ನಿಲ್ಲುವುದಿಲ್ಲ, ಒಂದು ಫೋನ್‌ ಕರೆ ಹೆಚ್ಚೋ ಕಡಿಮೆಯೋ ಆಗುತ್ತದೆ.

ರಾಜಸ್ಥಾನದ ಉದಯಪುರದಲ್ಲಿ ಖುಷಿ ಬೇಬಿ ಸಂಸ್ಥೆ ಆಶಾ ಕಾರ್ಯಕರ್ತೆಯರಿಗಾಗಿ ವಾಟ್ಸಾಪಿನಲ್ಲಿ ಆಶಾಬಾಟ್‌ ನಡೆಸಿತು. ತನ್ನ ದಾಖಲೆಯಲ್ಲಿ ಉತ್ತರವಿಲ್ಲದಿದ್ದರೆ ಅದು ಊಹಿಸಿ ಹೇಳುವುದಿಲ್ಲ, ಪ್ರಶ್ನೆಯನ್ನು ಅನುಭವಿ ಎಎನ್‌ಎಂಗಳಿಗೆ ಕಳಿಸಿ ಅವರು ಹೇಳಿದ್ದನ್ನು ತಲುಪಿಸುತ್ತದೆ. ನನಗೆ ಬಹಳ ಮೆಚ್ಚಿಗೆಯಾದ ವಿನ್ಯಾಸ ಇದು.

ನಮ್ಮ ರಾಜ್ಯದಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಕಾರ್ಯ ಎಂಬ ಲಾಭರಹಿತ ಸಂಸ್ಥೆ ಹಳ್ಳಿಯವರಿಗೆ ಸಂಬಳ ಕೊಟ್ಟು ಅವರ ಕನ್ನಡವನ್ನು ಫೋನಿನಲ್ಲಿ ಓದಿಸಿ ಸಂಗ್ರಹಿಸಿತು, ಕ್ಷಯರೋಗದ ಬಗ್ಗೆ ಜನರ ಮಾತಿನಲ್ಲೇ ಉತ್ತರ ಕೊಡುವ ಚಾಟ್‌ಬಾಟ್‌ ತಯಾರಿಸಲೆಂದು. ನಮ್ಮ ಕಡೆಯ ಮಾತು ಯಂತ್ರಕ್ಕೆ ಅರ್ಥವಾಗಬೇಕಾದರೆ ಯಾರಾದರೂ ಅದನ್ನು ಹೀಗೆ ಕೂತು ಕಲಿಸಬೇಕು.

ಇನ್ನು ಖಾಸಗಿ ವಿಷಯ. 2023ರ ಡಿಜಿಟಲ್‌ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ನಿಮ್ಮಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಕಾಯ್ದೆಯ ಮಾತು ಹಾಗಿರಲಿ, ಜಕಾತ್‌ ಪಟ್ಟಿಯನ್ನೇ ನೋಡಿ. ಯಾರ ಮನೆಯಲ್ಲಿ ಎಷ್ಟು ಬಡತನ, ಯಾರಿಗೆ ಯಾವ ಕಾಯಿಲೆ ಎಲ್ಲವೂ ಅದರಲ್ಲಿರುತ್ತದೆ. ಕೊಟ್ಟದ್ದು ನೆರೆಮನೆಗೆ ತಿಳಿಯಬಾರದೆಂದು ಕತ್ತಲಾದ ಮೇಲೆ ತಲುಪಿಸುವ ಹಿರಿಯರು ನಮ್ಮಲ್ಲಿದ್ದಾರೆ. ಆ ಪಟ್ಟಿಯ ಫೋಟೋ ತೆಗೆದು "ಟೇಬಲ್‌ ಮಾಡಿಕೊಡು" ಎಂದು ಎಐಗೆ ಹಾಕಬೇಡಿ. ಬೇಕಾದರೆ ಖಾಲಿ ನಮೂನೆ ಮಾಡಿಸಿಕೊಂಡು ಹೆಸರನ್ನು ನೀವೇ ತುಂಬಿ. ಆಧಾರ್‌ ಸಂಖ್ಯೆ, ಬ್ಯಾಂಕ್‌ ಖಾತೆ, ವೈದ್ಯರ ಚೀಟಿಗೂ ಇದೇ ನಿಯಮ.

ಕೊನೆಗೆ, ಸಮಾಜಶಾಸ್ತ್ರದ ಎರಡೂ ವಿಭಾಗದವರಿಗೆ ಒಂದು ಮನೆಗೆಲಸ. ಇದಕ್ಕೆ ಎಐ ಬೇಡ. ನಿಮ್ಮ ಹೆಸರು ಮತ್ತು ತಾಯಿಯ ಹೆಸರು ಆಧಾರ್‌, ಪಡಿತರ ಚೀಟಿ, ಬ್ಯಾಂಕ್‌ ಪಾಸ್‌ಬುಕ್‌, ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಒಂದು ಹಾಳೆಯಲ್ಲಿ ಬರೆದು ಮನೆಯಲ್ಲೇ ಇಟ್ಟುಕೊಳ್ಳಿ. ನನಗೆ ಒಪ್ಪಿಸಬೇಕಿಲ್ಲ. ವ್ಯತ್ಯಾಸ ಇದೆಯೋ ಇಲ್ಲವೋ ಎಂದಷ್ಟೇ ತಿಳಿಸಿ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಇರುವ ಅವಕಾಶ ಎರಡೇ ಸಲ. ಆದ್ದರಿಂದ ಯಾವ ಕಾಗುಣಿತ ಉಳಿಸಿಕೊಳ್ಳಬೇಕೆಂದು ಮನೆಯವರೊಡನೆ ಕೂತು ತೀರ್ಮಾನಿಸಿದ ಮೇಲೆಯೇ ತಿದ್ದುಪಡಿಗೆ ಹೋಗಿ. ದ್ವಿತೀಯ ಪಿಯುಸಿಯವರು ಪರೀಕ್ಷೆಯ ನೋಂದಣಿಗೆ ಮೊದಲೇ ಇದನ್ನು ಮುಗಿಸಬೇಕು. ಅರ್ಜಿ ಬರೆಯುವುದರಲ್ಲಿ ಸಂದೇಹವಿದ್ದವರು ಊಟದ ಬಿಡುವಿನಲ್ಲಿ ಸ್ಟಾಫ್‌ ರೂಮಿಗೆ ಬನ್ನಿ, ಬರುವಾಗ ಅಸಲು ಕಾಗದಗಳನ್ನು ತನ್ನಿ.