ಕೊಟ್ಟಿಗೆ ಕೆಲಸಕ್ಕೆ ಎಂಥ ಮೆಟ್ಟು ಒಳ್ಳೆಯದು?



ಕೆಲವು ತಿಂಗಳ ಹಿಂದೆ ಒಬ್ಬ ಸದಸ್ಯೆಯ ಮನೆಗೆ ತುರ್ತು ಕರೆಯ ಮೇಲೆ ಹೋಗಿದ್ದೆ. ಅವರ ಮಿಶ್ರತಳಿ ಹಸು ಬೆಳಿಗ್ಗೆಯಿಂದ ಕುಂಟುತ್ತಿತ್ತು. ಗೊರಸಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕಲ್ಲುಚೂರು ತೆಗೆದು, ಗಾಯ ತೊಳೆದು ಔಷಧಿ ಹಚ್ಚಿದೆ. ಕೈ ತೊಳೆಯಲು ನೀರು ತಂದ ಆ ತಾಯಿಯೂ ಕುಂಟುತ್ತಿದ್ದರು. ಕಾಲಿಗೆ ಬಟ್ಟೆ ಸುತ್ತಿತ್ತು.

“ಏನಾಯ್ತಮ್ಮಾ?” ಎಂದೆ.

“ಏನಿಲ್ಲ ಸಾರ್, ನಾಕು ದಿನ ಆಯ್ತು. ಸಗಣಿ ಬಾಚುವಾಗ ಮೊಳೆ ಚುಚ್ತು. ಸುಣ್ಣ ಅರಿಶಿನ ಹಚ್ಚಿದೀನಿ.”

ಹಸುವಿನ ಕಾಲಿಗೆ ಅದೇ ದಿನ ವೈದ್ಯರು ಬಂದರು. ಮನೆಯೊಡತಿಯ ಕಾಲಿಗೆ ನಾಲ್ಕು ದಿನವಾದರೂ ಯಾರೂ ಬಂದಿರಲಿಲ್ಲ. ಆ ಹೊತ್ತೇ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆವು. ಅವರು ಗುಣವಾದರು. ಆದರೆ ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಆದುದರಿಂದ ಈ ಸಲ ರಾಸುಗಳ ಬದಲು ನಿಮ್ಮ ಪಾದಗಳ ವಿಚಾರ ಬರೆಯುತ್ತಿದ್ದೇನೆ.

ಬರಿಗಾಲಿನ ಅಪಾಯಗಳು

1. ಧನುರ್ವಾಯು: ಇದರ ರೋಗಾಣು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತದೆ. ಮೊಳೆ, ಮುಳ್ಳು ಆಳಕ್ಕೆ ಚುಚ್ಚಿದ ಗಾಯವೆಂದರೆ ಅದಕ್ಕೆ ಹೇಳಿ ಮಾಡಿಸಿದ ಜಾಗ.

2. ಇಲಿಜ್ವರ: ರೋಗ ತಗುಲಿದ ಇಲಿ ಮತ್ತು ದನಗಳ ಮೂತ್ರದಲ್ಲಿ ಇದರ ರೋಗಾಣು ಹೊರಬೀಳುತ್ತದೆ. ಗಂಜಲ ನಿಂತ ನೆಲದಲ್ಲಿ ಬರಿಗಾಲಲ್ಲಿ ನಿಂತರೆ ಒಡೆದ ಹಿಮ್ಮಡಿ, ಗೀರು ಗಾಯಗಳ ಮೂಲಕ ಮೈ ಸೇರುತ್ತದೆ. ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣಗಳು. ಇಂಥ ಜ್ವರ ಬಂದಾಗ “ನಾನು ದನ ಸಾಕುತ್ತೇನೆ” ಎಂದು ವೈದ್ಯರಿಗೆ ಮರೆಯದೆ ಹೇಳಿ.

3. ಕೆಸರುಹುಣ್ಣು: ಬೆರಳಸಂದಿ ಸದಾ ಒದ್ದೆಯಾಗಿದ್ದರೆ ಚರ್ಮ ಬೆಳ್ಳಗೆ ಮೆತ್ತಗಾಗಿ ಒಡೆಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ಅರಿವು ಕುಗ್ಗಿರಬಹುದು. ಗಾಯವಾದದ್ದೇ ತಿಳಿಯದೆ ಹುಣ್ಣು ಬಲಿಯುತ್ತದೆ.

ಇವುಗಳ ಜೊತೆಗೆ ಜಾರುವ ನೆಲ, ಕಾಲು ತುಳಿಯುವ ಹಸು. 400 ಕಿಲೋ ತೂಗುವ ಹಸು ನಿಂತಾಗ ಒಂದೊಂದು ಕಾಲಿನ ಮೇಲೆ ಸುಮಾರು 100 ಕಿಲೋ ಭಾರ ಬೀಳುತ್ತದೆ.

ಗಂಬೂಟೋ, ಕ್ಲಾಗೋ?

ಹವಾಯಿ ಚಪ್ಪಲಿ ಕೊಟ್ಟಿಗೆಗೆ ತಕ್ಕುದಲ್ಲ. ಬೆರಳಿಗೆ ಮರೆಯಿಲ್ಲ, ಒದ್ದೆ ನೆಲದಲ್ಲಿ ಜಾರುತ್ತದೆ. ಸಗಣಿ ಬಾಚಿ ನೆಲ ತೊಳೆಯಲು ಗಂಬೂಟು ಒಳ್ಳೆಯದು. ಆದರೆ ಅದರೊಳಗೆ ಗಾಳಿಯಾಡುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಡೀ ದಿನ ಗಂಬೂಟು ಹಾಕಿ ಓಡಾಡಿ, ಕೆಸರು ತುಳಿಯದೆಯೇ ನಾನು ಕೆಸರುಹುಣ್ಣು ತರಿಸಿಕೊಂಡಿದ್ದೆ! ಮೇಲಾಗಿ, ಗಂಬೂಟಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಹಾಲು ಕರೆಯುವುದು ಕಷ್ಟ.

ಹಾಲು ಕರೆಯಲು, ಮೇವು ಹಾಕಲು ‘ಕ್ಲಾಗ್’ ಮಾದರಿಯ ಮೆಟ್ಟು ಅನುಕೂಲ. ಮುಂಭಾಗ ಮುಚ್ಚಿ ಹಿಂಭಾಗ ತೆರೆದಿರುವ, ಕೈ ಹಚ್ಚದೆ ಕಾಲು ತೂರಿಸಬಹುದಾದ ಮೆಟ್ಟಿಗೆ ಈ ಹೆಸರು. ಇದು ಹೈನುಗಾರರಿಗೆ ಹೊಸದಲ್ಲ. ನಮ್ಮ ಎಚ್.ಎಫ್. ಹಸುಗಳ ಮೂಲ ನೆಲೆಯಾದ ಹಾಲೆಂಡಿನ ಕಡೆ ರೈತರು ಒದ್ದೆ ನೆಲದ ಕೆಲಸಕ್ಕೆ ಪಾಪ್ಲರ್, ವಿಲ್ಲೋ ಮರದಲ್ಲಿ ಕೊರೆದ ಇಂಥ ಮೆಟ್ಟು ಹಾಕುತ್ತಿದ್ದರು. ಈಗ ನಮ್ಮ ಪೇಟೆಗಳಲ್ಲಿ ರಬ್ಬರಿನ, ಹಗುರ ಸ್ಪಂಜಿನ ಕ್ಲಾಗ್‌ಗಳು ಸಿಗುತ್ತವೆ.

ಕೊಳ್ಳುವಾಗ ಗಮನಿಸಿ

* ಗಾಳಿಯ ತೂತು ಪಕ್ಕದಲ್ಲಿರಲಿ. ಬೆರಳ ಮೇಲ್ಭಾಗದಲ್ಲಿ ತೂತಿದ್ದರೆ ಗಂಜಲ ಒಳಗೆ ಸುರಿಯುತ್ತದೆ. ಗಾಳಿ ಒಳಗೆ ಬರಬೇಕು, ಗಂಜಲ ಬರಬಾರದು.
* ಅಟ್ಟೆಯ ತಳದಲ್ಲಿ ಆಳವಾದ ಗೀರುಗಳಿರಲಿ. ಗೀರು ಸವೆದ ಮೆಟ್ಟನ್ನು ಕೊಟ್ಟಿಗೆಗೆ ಹಾಕಬೇಡಿ.
* ಹಿಮ್ಮಡಿಗೆ ಪಟ್ಟಿ ಇರುವುದನ್ನೇ ಆರಿಸಿ. ಹಸು ಒದೆದಾಗ ಹಿಂದೆ ಸರಿಯಲು ಮೆಟ್ಟು ಕಾಲಲ್ಲೇ ಇರಬೇಕು.
* ಸಂಜೆ ಹೊತ್ತು ಕೊಳ್ಳಿ. ದಿನದ ಕೆಲಸದಿಂದ ಪಾದ ಕೊಂಚ ಊದಿರುತ್ತದೆ. ಬೆರಳ ತುದಿಗೂ ಮೆಟ್ಟಿನ ಮೂತಿಗೂ ನಡುವೆ ಅರ್ಧ ಬೆರಳಗಲ ಜಾಗವಿರಲಿ.
* ಅಂಗಡಿಯಲ್ಲೇ ಹಾಲು ಕರೆಯುವ ಹಾಗೆ ಕುಕ್ಕರುಗಾಲಲ್ಲಿ ಕುಳಿತು ಎದ್ದು ನೋಡಿ. ಸಂಕೋಚ ಬೇಡ. ಕುಳಿತಾಗ ಒತ್ತುವ ಮೆಟ್ಟನ್ನು ನೀವು ಮನೆಯಲ್ಲಿ ಹಾಕುವುದಿಲ್ಲ.

ಒಂದು ಮಾತು. ಹಗುರ ಸ್ಪಂಜಿನ ಅಟ್ಟೆಯನ್ನು ಉದ್ದ ಮೊಳೆ ತೂರಬಲ್ಲುದು. ಹಸುವಿನ ಪೂರ್ತಿ ಭಾರವನ್ನೂ ಅದು ತಡೆಯದು. ಮೆಟ್ಟು ಹಾಕಿದ್ದೇನೆಂದು ಮೊಳೆ, ತಂತಿ, ಗಾಜು ಹೆಕ್ಕುವುದನ್ನು ಬಿಡಬೇಡಿ. ಅವು ಹಸುವಿನ ಹೊಟ್ಟೆಗೂ ಅಪಾಯ.

“ಕೊಟ್ಟಿಗೆಗೆ ಮೆಟ್ಟು ಹಾಕಿ ಹೋಗಬಹುದೇ?”

ಹಿರಿಯ ತಾಯಂದಿರು ಕೇಳುವ ಪ್ರಶ್ನೆ ಇದು. ಕೊಟ್ಟಿಗೆ ಲಕ್ಷ್ಮಿಯ ಸ್ಥಾನ ಎಂಬ ಭಾವನೆ ದೊಡ್ಡದು. ಅದಕ್ಕೇ ನನ್ನ ಸಲಹೆ: ಕೊಟ್ಟಿಗೆಗೆಂದೇ ಒಂದು ಜೊತೆ ಮೀಸಲಿಡಿ. ಅದು ಕೊಟ್ಟಿಗೆಯ ಬಾಗಿಲಲ್ಲೇ ಇರಲಿ. ಬೀದಿಗೆ, ಸಂತೆಗೆ ಹೋಗದಿರಲಿ. ಹೊರಗಿನ ಹೊಲಸು ಒಳಗೆ ಬರಬಾರದೆಂಬ ಹಿರಿಯರ ನಿಯಮಕ್ಕೆ ಇದು ಭಂಗವಲ್ಲ.

ಇದರಿಂದ ಹಸುವಿಗೂ ರಕ್ಷಣೆ. ಕಾಲುಬಾಯಿ ಜ್ವರದ ವೈರಾಣು ಮನುಷ್ಯರ ಕಾಲಿಗೆ, ಮೆಟ್ಟಿಗೆ ಅಂಟಿಕೊಂಡು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಬಲ್ಲುದು. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ರೋಗ ಹಬ್ಬಿ ಸಾವಿರಾರು ರಾಸುಗಳು ಸತ್ತುದನ್ನು ನಾವು ಮರೆತಿಲ್ಲ. ಸುತ್ತಮುತ್ತ ರೋಗವಿದ್ದಾಗ ಮೆಟ್ಟಿನ ಸಗಣಿಯನ್ನು ಮೊದಲು ಉಜ್ಜಿ ತೊಳೆದು, 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡ ಕಲಸಿದ ದ್ರಾವಣದಲ್ಲಿ ಅದ್ದಿರಿ. ಲಸಿಕೆಯನ್ನಂತೂ ತಪ್ಪಿಸಬೇಡಿ.

ದಿನವೂ ಮಾಡಬೇಕಾದುದು

ಕೆಲಸ ಮುಗಿದ ಮೇಲೆ ಮೆಟ್ಟು ತೊಳೆದು ನೆರಳಲ್ಲಿ ಮಗುಚಿಡಿ. ಉರಿಬಿಸಿಲಿಗೆ ಸ್ಪಂಜಿನ ಮೆಟ್ಟು ಕುಗ್ಗುತ್ತದೆ. ಪಾದವನ್ನು ಸೋಪಿನಿಂದ ತೊಳೆದು, ಬೆರಳಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ. ಒಡೆದ ಹಿಮ್ಮಡಿಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಮೊಳೆ ಚುಚ್ಚಿದರೆ ಸುಣ್ಣ, ಸಗಣಿ, ಕಾಫಿಪುಡಿ ಮೆತ್ತಬೇಡಿ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ.

ಆ ತಾಯಿಯ ಕೊಟ್ಟಿಗೆ ಬಾಗಿಲಲ್ಲಿ ಈಗ ಎರಡು ಜೊತೆ ಮೆಟ್ಟುಗಳಿವೆ: ಒಂದು ಅವರದು, ಇನ್ನೊಂದು ಯಜಮಾನರದು. ಹಸುವಿನ ಗೊರಸು ನೋಡುವಷ್ಟೇ ಕಾಳಜಿಯಿಂದ ನಿಮ್ಮ ಪಾದವನ್ನೂ ನೋಡಿಕೊಳ್ಳಿ. ಹಸು ಕುಂಟಿದರೆ ನಿಮಗೆ ನಷ್ಟ. ನೀವು ಕುಂಟಿದರೆ ಹಸುವಿಗೂ ಮನೆಗೂ ನಷ್ಟ.