ಸರ್ ಆರ್ಥರ್ ಹ್ಯಾರಿಸ್: ಆಜ್ಞೆ ಯಾರದು, ಹೊಣೆ ಯಾರದು?

ಯುದ್ಧದಲ್ಲಿ ಗೆದ್ದ ಸೇನಾಪತಿಗೆ ಕೀರ್ತಿ, ಸೋತವನಿಗೆ ಅಪಕೀರ್ತಿ, ಇದು ಲೋಕರೂಢಿ. ಗೆದ್ದ ಪಕ್ಷದವನಾಗಿಯೂ ಸ್ವದೇಶದಲ್ಲಿಯೇ ನಿಂದೆಗೆ ಗುರಿಯಾದವನೊಬ್ಬನುಂಟು. ದ್ವಿತೀಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ವಿಮಾನದಳದ ಅಧಿಪತಿಯಾಗಿದ್ದ ಆರ್ಥರ್ ಹ್ಯಾರಿಸನೇ ಅವನು.

ಹ್ಯಾರಿಸನು ೧೮೯೨ರಲ್ಲಿ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದನು. ತಂದೆ ಹಿಂದುಸ್ಥಾನದಲ್ಲಿ ಸರಕಾರಿ ನೌಕರಿಯಲ್ಲಿದ್ದವನು. ಮಗನು ಎಳೆಯ ಪ್ರಾಯದಲ್ಲಿಯೇ ಆಫ್ರಿಕದ ರೊಡೇಸಿಯಕ್ಕೆ ಹೋಗಿ, ೧೯೧೪ರಲ್ಲಿ ಅಲ್ಲಿಯ ಪಡೆಯಲ್ಲಿ ಕಹಳೆಯೂದುವವನಾಗಿ ಸೇರಿ, ಮರುವರ್ಷ ವಿಮಾನದಳವನ್ನು ಪ್ರವೇಶಿಸಿದನು. ಮುಂದೆ ನಮ್ಮ ವಾಯವ್ಯ ಸರಹದ್ದಿನಲ್ಲಿಯೂ ಇರಾಕಿನಲ್ಲಿಯೂ ಸೇವೆ ಸಲ್ಲಿಸಿದನು. ಎದುರುಬಿದ್ದ ಹಳ್ಳಿಗಳ ಮೇಲೆ ಬಾಂಬು ಸುರಿದು ಪ್ರಜೆಗಳನ್ನು ಅಂಕೆಯಲ್ಲಿಡುವ ಪದ್ಧತಿಯನ್ನು ಅವನು ಇರಾಕಿನಲ್ಲಿ ಆಚರಿಸಿದ್ದನೆಂಬುದನ್ನು ಮರೆಯಬಾರದು.

ಜರ್ಮನಿಯ ಮೇಲೆ ಹಗಲು ಹಾರಿದರೆ ವಿಮಾನಗಳು ಉಳಿಯುತ್ತಿರಲಿಲ್ಲ. ಆದುದರಿಂದ ರಾತ್ರಿ ಹಾರುತ್ತಿದ್ದರು. ೧೯೪೧ರಲ್ಲಿ ವಿಮಾನಗಳಿಂದ ತೆಗೆದ ಛಾಯಾಚಿತ್ರಗಳನ್ನು ಪರೀಕ್ಷಿಸಲಾಗಿ, ದಾಳಿ ಮಾಡಿದೆವೆಂದು ವರದಿಯಿತ್ತ ವಿಮಾನಗಳಲ್ಲಿ ಮೂರರಲ್ಲೊಂದು ಮಾತ್ರ ಗುರಿಯ ೫ ಮೈಲಿಯೊಳಗೆ ತಲುಪಿದ್ದುದು ಗೊತ್ತಾಯಿತು. ಉಳಿದ ಬಾಂಬುಗಳು ಹೊಲಗದ್ದೆಗಳನ್ನು ಉತ್ತಂತಾಯಿತಷ್ಟೆ! ಕಾರಖಾನೆಗೆ ಗುರಿಯಿಡಲಾಗದಿದ್ದರೆ ಇಡಿಯ ಪಟ್ಟಣವನ್ನೇ ಗುರಿಯಾಗಿಸುವುದೆಂದು ಸರಕಾರದವರು ನಿಶ್ಚಯಿಸಿದರು. ಕಾರ್ಮಿಕರ ಮನೆಗಳೂ ಅವರ ಮನೋಧೈರ್ಯವೂ ಈಗ ಗುರಿಯಾದವು. ಆ ಆಜ್ಞೆ ಹೊರಟುದು ೧೯೪೨ನೆಯ ಫೆಬ್ರವರಿ ೧೪ರಂದು. ಹ್ಯಾರಿಸನು ಅಧಿಕಾರ ವಹಿಸಿಕೊಂಡುದು ೨೨ರಂದು. ನೀತಿ ಅವನದಲ್ಲ, ಆದರೆ ಅದನ್ನು ಅವನಷ್ಟು ನಿಷ್ಠುರವಾಗಿ ನಡೆಸಿದವರು ಬೇರೊಬ್ಬರಿಲ್ಲ.

ಅದೇ ಮೇ ತಿಂಗಳಿನಲ್ಲಿ ಕೊಲೋನ್ ನಗರದ ಮೇಲೆ ಒಂದೇ ರಾತ್ರಿ ಸಾವಿರಕ್ಕೂ ಮಿಕ್ಕ ವಿಮಾನಗಳನ್ನು ಕಳುಹಿಸಿದನು. ೧೯೪೩ರ ಜುಲೈಯಲ್ಲಿ ಹ್ಯಾಂಬರ್ಗಿನಲ್ಲಿ, ಒಣಗಿದ ಹವೆಯಲ್ಲಿ ಬಿದ್ದ ಕಿಚ್ಚುಗಳೆಲ್ಲ ಒಂದಾದವು. ಕಾದ ಗಾಳಿ ಮೇಲೇರಲು, ಸುತ್ತಣ ಗಾಳಿ ಬಿರುಗಾಳಿಯಾಗಿ ಒಳನುಗ್ಗಿತು. ನೆಲಮಾಳಿಗೆಗಳಲ್ಲಿ ಅಡಗಿದ್ದವರು ಉಸಿರುಕಟ್ಟಿ ಸತ್ತರು. ಆ ವಾರ ಅಳಿದವರು ೩೦,೦೦೦ಕ್ಕೂ ಹೆಚ್ಚು. ಸ್ತ್ರೀಯರು, ಮಕ್ಕಳು, ಮುದುಕರು ಅವರಲ್ಲಿದ್ದರು. ಯುದ್ಧವು ಉರಿಯುತ್ತಿರುವಾಗಲೇ, ೧೯೪೪ರ ಫೆಬ್ರವರಿಯಲ್ಲಿ, ಜಾರ್ಜ್ ಬೆಲ್ ಎಂಬ ಬಿಷಪನು ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಇದು ನ್ಯಾಯವೇ ಎಂದು ಪ್ರಶ್ನಿಸಿದನು. ಅಂದು ಅದಕ್ಕೆ ಬೇಕಾದ ಧೈರ್ಯ ಸಾಮಾನ್ಯವಾದುದಲ್ಲ.

ಹ್ಯಾರಿಸನ ಸ್ವಂತ ಹೊಣೆ ಎಲ್ಲಿ ಹೆಚ್ಚುತ್ತದೆಂದರೆ, ನನ್ನ ಮಟ್ಟಿಗೆ, ೧೯೪೪ರ ಕೊನೆಯಲ್ಲಿ. ಗುರಿಯಿಡುವ ಸಾಧನಗಳು ಆಗ ಸುಧಾರಿಸಿದ್ದವು. ಶತ್ರುವಿನ ತೈಲದ ಕಾರಖಾನೆಗಳನ್ನು ಹೊಡೆಯೆಂದು ಮೇಲಧಿಕಾರಿ ಪೋರ್ಟಲನು ಒತ್ತಾಯಿಸಿದರೂ ಇವನು ಪಟ್ಟಣಗಳ ಹಠವನ್ನು ಬಿಡದೆ, ರಾಜೀನಾಮೆ ಕೊಡಲೂ ಸಿದ್ಧನಾದನು. ೧೯೪೫ರ ಫೆಬ್ರವರಿಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳ ದಾಳಿಯಿಂದ ಡ್ರೆಸ್ಡೆನ್ನಿನಲ್ಲಿ ಸುಮಾರು ೨೫,೦೦೦ ಜನ ಮಡಿದರು. ಅದು ಮೇಲಿನವರ ಒಪ್ಪಿಗೆ ಪಡೆದ ದಾಳಿಯೇ. ಆದರೂ ಮಾರ್ಚಿ ೨೮ರಂದು ಪ್ರಧಾನಿ ಚರ್ಚಿಲ್ಲನು ಇಂಥ ದಾಳಿಗಳನ್ನು ಭೀತಿಯ ಕೃತ್ಯಗಳೆಂಬಂತೆ ಟಿಪ್ಪಣಿ ಬರೆದು, ಸೇನಾಧಿಕಾರಿಗಳು ಆಕ್ಷೇಪಿಸಲು ಹಿಂದೆಗೆದುಕೊಂಡು, ಮೃದುವಾದ ಮಾತುಗಳಲ್ಲಿ ಬೇರೊಂದನ್ನು ಬರೆಯಿಸಿದನು.

ಈ ದಳದ ಸುಮಾರು ೧,೨೫,೦೦೦ ವೈಮಾನಿಕರಲ್ಲಿ ೫೫,೫೭೩ ಮಂದಿ ಸತ್ತರು. ಅವರ ಸರಾಸರಿ ವಯಸ್ಸು ಇಪ್ಪತ್ತೆರಡರಷ್ಟು. ವಿದ್ಯಾರ್ಥಿಗಳೇ, ನಿಮ್ಮ ಅಣ್ಣಂದಿರ ಪ್ರಾಯ. ಅವರಿಗೆ ಪ್ರತ್ಯೇಕ ಪದಕ ದೊರೆಯಬೇಕೆಂದು ಹ್ಯಾರಿಸನು ಹೋರಾಡಿ ಸೋತನು. ೧೯೮೪ರಲ್ಲಿ ತೀರಿಕೊಳ್ಳುವವರೆಗೂ ತಾನು ಮಾಡಿದುದು ಸರಿಯೆಂದೇ ವಾದಿಸಿದನು. ೧೯೯೨ರಲ್ಲಿ ಲಂಡನ್ನಿನಲ್ಲಿ ಅವನ ಪ್ರತಿಮೆಯನ್ನು ರಾಜಮಾತೆಯು ಅನಾವರಣಗೊಳಿಸುವಾಗ ಜನರ ಧಿಕ್ಕಾರ ಕೇಳಿಬಂದಿತು. ಬೇಗನೆ ಅದರ ಮೇಲೆ ಯಾರೋ ಕೆಂಪು ಬಣ್ಣ ಎರಚಿದರು; ಕೆಲವು ತಿಂಗಳು ಹಗಲಿರುಳು ಕಾವಲಿಡಬೇಕಾಯಿತು.